ಸೂರ್ಯ ಹುಟ್ಟದ ಕಡೆ ನಿದ್ದೆ ಏನಾಗುತ್ತದೆ?

ಚಿತ್ರದುರ್ಗದಲ್ಲಿ ನಮಗೆ ಪರಿಚಯದ ಮನೆಯ ಹುಡುಗನೊಬ್ಬ ಅಂಟಾರ್ಕ್ಟಿಕಾಕ್ಕೆ ಹೋಗುವ ತಂಡಕ್ಕೆ ಸೇರಿದ್ದಾನೆ. ಜನರೇಟರ್ ಮೆಕ್ಯಾನಿಕ್. ಅಲ್ಲಿಗೆ ವಿಜ್ಞಾನಿಗಳು ಮಾತ್ರ ಹೋಗುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ ಚಳಿಗಾಲ ಪೂರ್ತಿ ಅಲ್ಲೇ ಉಳಿಯುವ ತಂಡಕ್ಕೆ ಅಡುಗೆಯವರು, ಎಲೆಕ್ಟ್ರಿಷಿಯನ್, ವೆಲ್ಡರ್, ಗಾಡಿ ರಿಪೇರಿ ಮಾಡುವವರು, ಡಾಕ್ಟರ್ ಎಲ್ಲರೂ ಬೇಕು. ಸುದ್ದಿ ಗೊತ್ತಾದ ಮೇಲೆ ಕೇರಿಯವರೆಲ್ಲ ಚಳಿಯ ಬಗ್ಗೆ ಕೇಳಿದರು. ಹುಡುಗನ ತಾಯಿ ಕೇಳಿದ್ದು ಬೇರೆ: "ಅಲ್ಲಪ್ಪಾ, ಅಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟಲ್ವಂತೆ. ಮಲಗೋದು ಯಾವಾಗ, ಏಳೋದು ಯಾವಾಗ? ನಿದ್ದೆಗಣ್ಣಲ್ಲಿ ಮಿಷನ್ ಹತ್ರ ಹೋದ್ರೆ ಏನು ಗತಿ?"

ನನಗೆ ಇದು ಚಳಿಗಿಂತ ದೊಡ್ಡ ಪ್ರಶ್ನೆ ಅನ್ನಿಸುತ್ತದೆ. ಚಳಿಗೆ ದಪ್ಪ ಬಟ್ಟೆ ಇದೆ, ಹೀಟರ್ ಇದೆ. ನಿದ್ದೆ ಮತ್ತು ಎಚ್ಚರದ ವಿಷಯ ಅಷ್ಟು ಸಲೀಸಲ್ಲ. ಧ್ರುವದ ಚಳಿಗಾಲ ಕಳೆದವರಲ್ಲಿ ಇದನ್ನು ದಶಕಗಳಿಂದ ಅಳೆಯುತ್ತಾ ಬಂದಿದ್ದಾರೆ, ಗೊತ್ತಾಗಿರುವುದೂ ಬಹಳಷ್ಟಿದೆ. ಬುಡದಿಂದ ನೋಡೋಣ.

ಭರಮಸಾಗರದಿಂದ ನೇರ ದಕ್ಷಿಣಕ್ಕೆ

ಅಂಟಾರ್ಕ್ಟಿಕಾದಲ್ಲಿ ಭಾರತಕ್ಕೆ ಈಗ ಎರಡು ನೆಲೆಗಳಿವೆ. ಒಂದು 1989ರಿಂದ ಇರುವ ಮೈತ್ರಿ, ಇನ್ನೊಂದು 2012ರಲ್ಲಿ ಶುರುವಾದ ಭಾರತಿ. ಎರಡನ್ನೂ ನೋಡಿಕೊಳ್ಳುವುದು ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ.

ಭೂಪಟ ತೆಗೆದು ನೋಡಿದರೆ ಒಂದು ಚೆಂದದ ಸಂಗತಿ ಕಾಣುತ್ತದೆ. ದಾವಣಗೆರೆ ಮತ್ತು ಚಿತ್ರದುರ್ಗದ ನಡುವೆ, ಭರಮಸಾಗರದ ಆಸುಪಾಸಿನಲ್ಲಿ ನಿಂತು ನೇರ ದಕ್ಷಿಣಕ್ಕೆ ಗೆರೆ ಎಳೆದರೆ, ಅದು ಕೊಚ್ಚಿಯ ಹತ್ತಿರ ಸಮುದ್ರಕ್ಕೆ ಇಳಿದು, ಆಮೇಲೆ ಬರೀ ನೀರಿನ ಮೇಲೆ ಸಾಗಿ, ಸುಮಾರು 9,300 ಕಿಲೋಮೀಟರ್ ಆದ ಮೇಲೆ ಭಾರತಿಯ ಹತ್ತಿರವೇ ಹೋಗಿ ತಾಗುತ್ತದೆ. ಎರಡೂ ಕಡೆ ರೇಖಾಂಶ ಹೆಚ್ಚೂಕಡಿಮೆ 76 ಡಿಗ್ರಿ ಪೂರ್ವ. ಅಂದರೆ ನಮ್ಮ ನಡುಮಧ್ಯಾಹ್ನವೇ ಅವರ ನಡುಮಧ್ಯಾಹ್ನ. ಹೊತ್ತು ಒಂದೇ, ಬೆಳಕು ಮಾತ್ರ ಬೇರೆ.

ಏಕೆ ಬೇರೆ? ಭೂಮಿಯ ಅಕ್ಷ ಸುಮಾರು ಇಪ್ಪತ್ಮೂರುವರೆ ಡಿಗ್ರಿ ವಾಲಿಕೊಂಡಿದೆ. ಜೂನ್ ತಿಂಗಳಲ್ಲಿ ದಕ್ಷಿಣದ ತುದಿ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಭೂಮಿ ಎಷ್ಟು ತಿರುಗಿದರೂ ಆ ತುದಿಗೆ ಬಿಸಿಲು ತಾಗುವುದಿಲ್ಲ. ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ, ಹಾಗಾಗಿ ನಮ್ಮಲ್ಲಿ ವರ್ಷದ ಅತಿ ದೊಡ್ಡ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು 11 ಗಂಟೆಗಿಂತ ಸ್ವಲ್ಪ ಜಾಸ್ತಿ. ಈ ವ್ಯತ್ಯಾಸ ನಮ್ಮ ಗಮನಕ್ಕೂ ಬರುವುದಿಲ್ಲ. ಭಾರತಿಯಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ನಮ್ಮ ರೈತರು ಮೆಕ್ಕೆಜೋಳ ಬಿತ್ತಿ ಎಡೆ ಹೊಡೆಯುವ ಕಾಲ ಅದು. ಇನ್ನೂ ಸ್ವಲ್ಪ ದಕ್ಷಿಣಕ್ಕಿರುವ ಮೈತ್ರಿಯಲ್ಲಿ ಹೆಚ್ಚೂಕಡಿಮೆ ಎರಡು ತಿಂಗಳು ಹೀಗೆ.

ಆದರೆ ಎರಡೂ ಕಡೆ 24 ಗಂಟೆಯೂ ಗವ್ವೆನ್ನುವ ಕತ್ತಲೆ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೂರ್ಯ ದಿಗಂತದ ಸ್ವಲ್ಪವೇ ಕೆಳಗಿರುತ್ತಾನೆ, ಹಾಗಾಗಿ ಒಂದಷ್ಟು ಹೊತ್ತು ನಸುಬೆಳಕು ಸಿಗುತ್ತದೆ. ದಕ್ಷಿಣ ಧ್ರುವದಲ್ಲೇ ಇರುವ ಅಮೆರಿಕದ ಅಮುಂಡ್ಸೆನ್-ಸ್ಕಾಟ್ ನೆಲೆಯ ಕಥೆ ಬೇರೆ. ಅಲ್ಲಿ ಮಾರ್ಚ್‌ನಲ್ಲಿ ಮುಳುಗಿದ ಸೂರ್ಯ ಮತ್ತೆ ಹುಟ್ಟುವುದು ಸೆಪ್ಟೆಂಬರ್‌ನಲ್ಲಿ.

ತಲೆಯೊಳಗಿನ ಗಡಿಯಾರ

ನಿದ್ದೆ ಬರುವುದು ದಣಿವಿನಿಂದ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಅರ್ಧ ನಿಜ. ಇನ್ನರ್ಧ ನಮ್ಮ ಮೆದುಳಿನಲ್ಲಿರುವ ಗಡಿಯಾರದ ಕೆಲಸ. ಎರಡು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ಜೀವಕೋಶಗಳ ಒಂದು ಪುಟ್ಟ ಗುಂಪು ಇದೆ. ಇದರ ಹೆಸರು ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ಉದ್ದದ ಹೆಸರು, ನಾವು ದೇಹದ ಗಡಿಯಾರ ಅಂತಲೇ ಕರೆಯೋಣ. ಯಾವಾಗ ಮೈ ಬಿಸಿ ಏರಬೇಕು, ಯಾವಾಗ ಇಳಿಯಬೇಕು, ಯಾವ ಹಾರ್ಮೋನ್ ಯಾವಾಗ ಹೊರಬರಬೇಕು, ಹಸಿವು ಯಾವಾಗ, ನಿದ್ದೆ ಯಾವಾಗ, ಇದೆಲ್ಲಕ್ಕೂ ಹೊತ್ತು ಗೊತ್ತು ಮಾಡುವುದು ಇದೇ. ಜೀವಕೋಶದ ಒಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಈ ಗಡಿಯಾರಕ್ಕೆ ಒಂದು ವಿಶೇಷ ಗುಣ ಇದೆ: ಅದು ಸರಿಯಾಗಿ 24 ಗಂಟೆಗೆ ಒಂದು ಸುತ್ತು ಮುಗಿಸುವುದಿಲ್ಲ. ಹೆಚ್ಚಿನವರಲ್ಲಿ ಹತ್ತು ಹನ್ನೆರಡು ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತದೆ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಭರ್ಜರಿಯಾಗಿ ನಡೆಯುತ್ತಿದ್ದ ಕಾಲದಲ್ಲಿ, ಮಿಲ್ಲಿನ ಸೈರನ್ ಕೇಳಿ ಜನ ತಮ್ಮ ಕೀ ಕೊಡುವ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಗಡಿಯಾರ ದಿನಕ್ಕೆ ಒಂದಷ್ಟು ನಿಮಿಷ ಹಿಂದೆ ಬಿದ್ದರೂ ತೊಂದರೆ ಇಲ್ಲ, ಮಾರನೇ ದಿನ ಸೈರನ್ ಕೂಗುತ್ತಿತ್ತು, ಮುಳ್ಳು ಸರಿಹೋಗುತ್ತಿತ್ತು. ದೇಹದ ಗಡಿಯಾರಕ್ಕೆ ಆ ಸೈರನ್ ಅಂದರೆ ಬೆಳಗಿನ ಬೆಳಕು. ದಿನಾ ಬೆಳಿಗ್ಗೆ ನಾವು ಅಂಗಳಕ್ಕೆ ಬಂದಾಗ, ಹಾಲು ತರಲು ಹೋದಾಗ, ಬಸ್ಸಿಗೆ ಕಾಯುವಾಗ, ನಮಗೇ ಗೊತ್ತಿಲ್ಲದಂತೆ ಗಡಿಯಾರ ಸರಿಯಾಗುತ್ತದೆ.

ಸೈರನ್ನೇ ಕೂಗದಿದ್ದರೆ? ದಿನಕ್ಕೆ ಹತ್ತು ಹನ್ನೆರಡು ನಿಮಿಷ ಅಂದರೆ ಸಣ್ಣದಾಗಿ ಕಾಣುತ್ತದೆ, ಆದರೆ ತಿಂಗಳಿಗೆ ಲೆಕ್ಕ ಹಾಕಿ ನೋಡಿ, ಐದಾರು ಗಂಟೆ ಆಗುತ್ತದೆ! ಗೋಡೆ ಗಡಿಯಾರ ಬೆಳಗಿನ ಎಂಟು ಅನ್ನುವಾಗ ಮೈ ಇನ್ನೂ ನಡುರಾತ್ರಿ ಎರಡು ಮೂರರಲ್ಲಿ ಇರುತ್ತದೆ.

1962ರಲ್ಲಿ ಮಿಶೆಲ್ ಸಿಫ್ರ್ ಅನ್ನುವ ಫ್ರೆಂಚ್ ಭೂವಿಜ್ಞಾನಿ ಗಡಿಯಾರ ಇಲ್ಲದೆ, ಬಿಸಿಲು ಇಲ್ಲದೆ ಎರಡು ತಿಂಗಳು ನೆಲದಡಿಯ ಗುಹೆಯಲ್ಲಿ ಇದ್ದರು. ನಿದ್ದೆ ಬಂದಾಗ ಮಲಗುವುದು, ಎಚ್ಚರವಾದಾಗ ಏಳುವುದು. ಸೆಪ್ಟೆಂಬರ್ 14ರಂದು ಅವರನ್ನು ಹೊರಗೆ ಕರೆತಂದರು. ಅವರ ಲೆಕ್ಕದಲ್ಲಿ ಅಂದು ಇನ್ನೂ ಆಗಸ್ಟ್ 20. ಇಪ್ಪತ್ತೈದು ದಿನ ಲೆಕ್ಕಕ್ಕೇ ಸಿಕ್ಕಿರಲಿಲ್ಲ.

ನೋಡುವ ಕಣ್ಣು ಬೇರೆ, ಹೊತ್ತು ತಿಳಿಯುವ ಕಣ್ಣು ಬೇರೆ

ಹಾಗಾದರೆ ನೆಲೆಯೊಳಗೆ ಲೈಟ್ ಇರುತ್ತದಲ್ಲ, ಅದು ಸಾಕಾಗಲ್ವಾ? ಇದನ್ನು ಬಹಳ ಜನ ಕೇಳುತ್ತಾರೆ.

ಕಣ್ಣಿನ ಹಿಂಭಾಗದ ಪರದೆಯಲ್ಲಿ ನೋಡುವುದಕ್ಕೆ ಬೇಕಾದ ಜೀವಕೋಶಗಳ ಜೊತೆ ಇನ್ನೊಂದು ಬಗೆಯವೂ ಇವೆ. ಅವುಗಳಲ್ಲಿ ಮೆಲನಾಪ್ಸಿನ್ ಅನ್ನುವ ಬಣ್ಣದ ವಸ್ತು ಇದೆ. ಅವುಗಳ ಮುಖ್ಯ ಕೆಲಸ ಸುತ್ತ ಎಷ್ಟು ಬೆಳಕಿದೆ ಅಂತ ಅಳೆದು ದೇಹದ ಗಡಿಯಾರಕ್ಕೆ ತಿಳಿಸುವುದು. ನೀಲಿ ಬೆಳಕಿಗೆ ಇವು ಅತಿ ಹೆಚ್ಚು ಸ್ಪಂದಿಸುತ್ತವೆ. ಹಗಲಿನ ಆಕಾಶದಲ್ಲಿ ಅದು ಧಾರಾಳವಾಗಿ ಇರುತ್ತದೆ. ಬೆಳಕೇ ತಿಳಿಯದಂತೆ ಪೂರ್ತಿ ದೃಷ್ಟಿ ಕಳೆದುಕೊಂಡ ಹಲವರಿಗೆ ಕೆಲವು ವಾರ ರಾತ್ರಿ ನಿದ್ದೆ, ಇನ್ನು ಕೆಲವು ವಾರ ಹಗಲು ನಿದ್ದೆ ಆಗುವುದಕ್ಕೂ ಇದೇ ಕಾರಣ, ಅವರ ಗಡಿಯಾರಕ್ಕೆ ಹೊರಗಿನ ಸುದ್ದಿ ತಲುಪುತ್ತಿರುವುದಿಲ್ಲ.

ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮನೆಯ ಟ್ಯೂಬ್‌ಲೈಟ್ ಕೆಳಗೆ ಸಾಮಾನ್ಯವಾಗಿ ನೂರರಿಂದ ಮುನ್ನೂರು ಲಕ್ಸ್. ಮೋಡ ಮುಚ್ಚಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಒಂದು ಲಕ್ಷದವರೆಗೂ ಹೋಗುತ್ತದೆ. ಒಳಗಿನ ದೀಪದಲ್ಲಿ ಓದಬಹುದು, ಬರೆಯಬಹುದು, ನಟ್ಟು ಬೋಲ್ಟು ಬಿಗಿಯಬಹುದು. ಗಡಿಯಾರಕ್ಕೆ ಮಾತ್ರ ಅದು ಹೆಚ್ಚೂಕಡಿಮೆ ಮಬ್ಬು.

ಕತ್ತಲಾದಾಗ ಇದೇ ಗಡಿಯಾರ ಮೆಲಟೋನಿನ್ ಅನ್ನುವ ಹಾರ್ಮೋನ್ ಬಿಡಿಸುತ್ತದೆ. ಮಲಗುವ ಎರಡು ಗಂಟೆ ಮುಂಚೆ ಅದು ಏರಲು ಶುರುವಾಗುತ್ತದೆ, 'ರಾತ್ರಿಯಾಯಿತು' ಅಂತ ಇಡೀ ಮೈಗೆ ಸುದ್ದಿ ಮುಟ್ಟಿಸುತ್ತದೆ. ಧ್ರುವದ ಚಳಿಗಾಲದಲ್ಲಿ ಈ ಏರಿಕೆ ತಡವಾಗುತ್ತದೆ. ಹಾಸಿಗೆಗೆ ಹೋದರೂ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಅಲಾರಂ ಹೊಡೆದಾಗ ಅದಿನ್ನೂ ಇಳಿದಿರುವುದಿಲ್ಲ.

ದಣಿವಿನ ಲೆಕ್ಕ

ಎದ್ದ ಕ್ಷಣದಿಂದ ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟೂ ನಿದ್ದೆಯ ಒತ್ತಡ ಹೆಚ್ಚು. ಮಲಗಿದಾಗ ಇಳಿಯುತ್ತದೆ. ಕಾಫಿ, ಟೀ ಕುಡಿದರೆ ಅದರ ದಾರಿಗೆ ಅಡ್ಡ ನಿಲ್ಲುತ್ತವೆ, ಅದನ್ನು ತೆಗೆದುಹಾಕುವುದಿಲ್ಲ. ದಣಿವಿನ ಒತ್ತಡ ಮತ್ತು ಗಡಿಯಾರದ ಹೊತ್ತು ಎರಡೂ ಒಟ್ಟಿಗೆ ಬಂದಾಗ ಗಾಢ ನಿದ್ದೆ. ಬೇರೆ ಬೇರೆ ಆದಾಗ ಮೈ ದಣಿದಿದೆ, ಕಣ್ಣು ಮುಚ್ಚುತ್ತಿಲ್ಲ ಅನ್ನುವ ಸ್ಥಿತಿ. ಚಳಿಗಾಲದಲ್ಲಿ ಹೊರಗಿನ ಕೆಲಸ ಕಡಿಮೆ, ಓಡಾಟ ಕಡಿಮೆ, ಬೇಸರಕ್ಕೆ ಹಗಲು ಹೊತ್ತು ಜೊಂಪು ಜಾಸ್ತಿ. ಸಂಜೆ ಮಲಗಿ ಎದ್ದವರಿಗೆ ರಾತ್ರಿ ನಿದ್ದೆಯ ಒತ್ತಡವೇ ಉಳಿದಿರುವುದಿಲ್ಲ.

ಅಲ್ಲಿ ಇದ್ದವರಿಗೆ ಏನೇನಾಗಿದೆ

ಅಂಟಾರ್ಕ್ಟಿಕಾದಲ್ಲಿ ಮೊದಲ ಬಾರಿ ಚಳಿಗಾಲ ಕಳೆದದ್ದು ಬೆಲ್ಜಿಕಾ ಅನ್ನುವ ಹಡಗಿನ ತಂಡ, 1898ರಲ್ಲಿ. ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಎರಡು ತಿಂಗಳಿಗೂ ಜಾಸ್ತಿ ಸೂರ್ಯ ಕಾಣಲಿಲ್ಲ. ಜನ ಮಂಕಾದರು, ನಿದ್ದೆ ಕೆಟ್ಟಿತು, ಒಂದು ಕೆಲಸದ ಮೇಲೆ ಮನಸ್ಸು ನಿಲ್ಲದಾಯಿತು. ಹಡಗಿನ ಡಾಕ್ಟರ್ ಫ್ರೆಡರಿಕ್ ಕುಕ್ ತೀರಾ ಸೊರಗಿದವರನ್ನು ಬಟ್ಟೆ ಕಳಚಿಸಿ ಒಲೆಯ ಬೆಂಕಿಯ ಮುಂದೆ ನಿಲ್ಲಿಸಿದರು, ಪೆಂಗ್ವಿನ್ ಮತ್ತು ಸೀಲ್‌ನ ತಾಜಾ ಮಾಂಸ ತಿನ್ನಿಸಿದರು. ಬೆಳಕು, ಬಿಸಿ, ಮಾಂಸ, ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು, ಆದರೆ ಜನ ಚೇತರಿಸಿಕೊಂಡರು. ಬೆಳಕಿನ ಕೊರತೆ ಮನುಷ್ಯನನ್ನು ಸೊರಗಿಸುತ್ತದೆ ಅಂತ ಮೆಲಟೋನಿನ್‌ನ ಹೆಸರೂ ಇಲ್ಲದ ಕಾಲದಲ್ಲಿ ಅವರು ಊಹಿಸಿದ್ದು ದೊಡ್ಡ ಮಾತು.

ಇಂದಿಗೂ ಅಲ್ಲಿನ ಭಾಷೆಯಲ್ಲಿ ಚಳಿಗಾಲದ ನಿದ್ದೆಗೇಡಿಗೆ 'ಬಿಗ್ ಐ' ಅನ್ನುತ್ತಾರೆ, ರಾತ್ರಿಯೆಲ್ಲ ಕಣ್ಣು ಅಗಲ ಬಿಟ್ಟುಕೊಂಡೇ ಇರುವುದಕ್ಕೆ. ನಿದ್ದೆಯ ತೊಂದರೆ, ಸಿಡುಕು, ಮರೆವು, ಮಾತಿನ ನಡುವೆ ಸುಮ್ನೆ ಎತ್ತಲೋ ನೋಡುತ್ತಾ ಕುಳಿತುಬಿಡುವುದು, ಇವೆಲ್ಲ ಸೇರಿದರೆ ಅದನ್ನು ವಿಂಟರ್-ಓವರ್ ಸಿಂಡ್ರೋಮ್ ಅಂತ ಕರೆಯುತ್ತಾರೆ. ಎಲ್ಲರಿಗೂ ಒಂದೇ ಮಟ್ಟದಲ್ಲಿ ಆಗುವುದಿಲ್ಲ. ಕೆಲವರು ಆರಾಮಾಗಿ ಕಳೆದುಬಿಡುತ್ತಾರೆ.

ನಿದ್ದೆಯ ಅವಧಿ ಅಷ್ಟೇ ಅಲ್ಲ, ಆಳವೂ ಬದಲಾಗುತ್ತದೆ. ದಕ್ಷಿಣ ಧ್ರುವದ ನೆಲೆಯಲ್ಲಿ 1960ರ ದಶಕದಲ್ಲಿ ಮಲಗಿದವರ ಮೆದುಳಿನ ಅಲೆಗಳನ್ನು ದಾಖಲಿಸಿದಾಗ, ಮೈಗೆ ನಿಜವಾದ ವಿಶ್ರಾಂತಿ ಕೊಡುವ ಗಾಢ ನಿದ್ದೆಯ ಭಾಗ ಚಳಿಗಾಲದಲ್ಲಿ ಬಹಳ ಕಡಿಮೆಯಾಗಿದ್ದು ಕಂಡಿತು. ಅದಕ್ಕೆ ಎತ್ತರವೂ ಒಂದು ಕಾರಣ. ಆ ನೆಲೆ ಇರುವುದು 2,800 ಮೀಟರ್‌ಗೂ ಮೇಲೆ. ಫ್ರಾನ್ಸ್ ಮತ್ತು ಇಟಲಿ ಸೇರಿ ನಡೆಸುವ ಕಾಂಕಾರ್ಡಿಯಾ ಇನ್ನೂ ಎತ್ತರ, ಸುಮಾರು 3,200 ಮೀಟರ್. ಗಾಳಿ ತೆಳು, ಆಮ್ಲಜನಕ ಕಡಿಮೆ, ಮಲಗಿದಾಗ ಉಸಿರು ಏರಿಳಿದು ನಡುನಡುವೆ ಎಚ್ಚರವಾಗುತ್ತದೆ. ನಮ್ಮ ಭಾರತಿ, ಮೈತ್ರಿ ಕರಾವಳಿಯ ಕಡೆ ತಗ್ಗಿನಲ್ಲಿವೆ. ಹಾಗಾಗಿ ಚಿತ್ರದುರ್ಗದ ಆ ತಾಯಿ ಉಸಿರಾಟದ ಈ ಒಂದು ಚಿಂತೆಯನ್ನು ಬಿಡಬಹುದು.

ಒಂಟಿತನದ ಪಾಲೂ ಇದೆ. ಹಡಗು, ವಿಮಾನ ಬರದ ತಿಂಗಳುಗಳಲ್ಲಿ ಅದೇ ಇಪ್ಪತ್ತು ಚಿಲ್ಲರೆ ಮುಖ, ಅದೇ ಕೋಣೆಗಳು, ಅದೇ ಊಟದ ಟೇಬಲ್. ಜರ್ಮನಿಯ ನಾಯ್‌ಮಾಯರ್ ನೆಲೆಯಲ್ಲಿ 14 ತಿಂಗಳು ಇದ್ದ ಒಂಬತ್ತು ಜನರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ನೆನಪಿಗೆ ಸಂಬಂಧಿಸಿದ ಒಂದು ಭಾಗ ಸ್ವಲ್ಪ ಕುಗ್ಗಿತ್ತು ಅಂತ 2019ರಲ್ಲಿ ವರದಿಯಾಯಿತು. ಒಂಬತ್ತು ಜನ ಅಂದರೆ ಸಣ್ಣ ಗುಂಪು, ಅದರಿಂದ ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಬಾರದು.

ಕಣ್ಣು ತೆರೆದಿದ್ದರೆ ಎಚ್ಚರ ಇದೆ ಅಂತಲ್ಲ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ಅಪಾಯ ಇರುವುದು ಇಲ್ಲೇ.

ಎಚ್ಚರವನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಹತ್ತು ನಿಮಿಷ ಒಂದು ಪರದೆ ನೋಡುತ್ತಾ ಕೂರಬೇಕು. ಯಾವಾಗಲೋ ಒಮ್ಮೆ ಗುರುತು ಕಾಣುತ್ತದೆ, ಕಂಡ ಕೂಡಲೇ ಬಟನ್ ಒತ್ತಬೇಕು. ಚೆನ್ನಾಗಿ ನಿದ್ದೆ ಮಾಡಿದವರು ಸೆಕೆಂಡಿನ ಕಾಲು ಭಾಗದ ಆಸುಪಾಸಿನಲ್ಲಿ ಒತ್ತುತ್ತಾರೆ. ಅರ್ಧ ಸೆಕೆಂಡಿಗಿಂತ ಜಾಸ್ತಿ ತಡವಾದರೆ ಅದನ್ನು ತಪ್ಪಿದ್ದು ಅಂತ ಎಣಿಸುತ್ತಾರೆ. ನಿದ್ದೆ ಕಡಿಮೆಯಾದ ಹಾಗೆ ಈ ತಪ್ಪುವಿಕೆಗಳು ಹೆಚ್ಚುತ್ತವೆ. ಆ ಅರೆಕ್ಷಣ ಮನುಷ್ಯ ಕಣ್ಣು ಬಿಟ್ಟೇ ಇರುತ್ತಾನೆ, ಮೆದುಳು ಮಾತ್ರ ಅಲ್ಲಿ ಇರುವುದಿಲ್ಲ.

2003ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಎರಡು ವಾರ ದಿನಾ ಆರು ಗಂಟೆ ಮಾತ್ರ ಮಲಗಲು ಬಿಟ್ಟವರ ಎಚ್ಚರ ಕೊನೆಗೆ ಎಲ್ಲಿಗೆ ಇಳಿಯಿತು ಅಂದರೆ, ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ. ಆದರೆ ನಿಮಗೆ ಎಷ್ಟು ನಿದ್ದೆ ಬರುತ್ತಿದೆ ಅಂತ ಕೇಳಿದರೆ ಅವರು ಸ್ವಲ್ಪ ಬರುತ್ತಿದೆ ಅಷ್ಟೇ ಅಂದರು. ಅಂದರೆ ನಿದ್ದೆಗೆಟ್ಟವನಿಗೆ ತಾನು ಎಷ್ಟು ಮಂಕಾಗಿದ್ದೇನೆ ಅಂತ ತಿಳಿಯುವುದಿಲ್ಲ. "ನನಗೇನಾಗಿಲ್ಲ, ಅಭ್ಯಾಸ ಇದೆ" ಅನ್ನುವ ಮಾತನ್ನು ನಂಬಬಾರದು, ಹೇಳುವವರು ಸುಳ್ಳು ಹೇಳುತ್ತಿಲ್ಲ, ಅವರಿಗೇ ಗೊತ್ತಾಗುತ್ತಿಲ್ಲ.

ಧ್ರುವದ ನೆಲೆಯಲ್ಲಿ ಇದರ ಬೆಲೆ ದೊಡ್ಡದು. ಅಲ್ಲಿ ಎಲ್ಲರೂ ಅತಿ ಹೆಚ್ಚು ಹೆದರುವುದು ಬೆಂಕಿಗೆ. ಗಾಳಿ ಒಣ, ನೀರು ಹೆಪ್ಪುಗಟ್ಟುತ್ತದೆ, ಹೊರಗಿನಿಂದ ಫೈರ್ ಎಂಜಿನ್ ಬರುವುದಿಲ್ಲ. ಜನರೇಟರ್ ನಿಂತರೆ ಬಿಸಿಯೂ ಇಲ್ಲ, ನೀರೂ ಇಲ್ಲ. ರಾತ್ರಿ ಮೂರು ಗಂಟೆಗೆ ಅಲಾರಂ ಕೂಗಿ ಗಾಢ ನಿದ್ದೆಯಿಂದ ಎದ್ದವನಿಗೆ ಮೊದಲ ಹದಿನೈದು ಮೂವತ್ತು ನಿಮಿಷ ತಲೆ ಪೂರ್ತಿ ಓಡುವುದಿಲ್ಲ. ಅದಕ್ಕೇ ತಂಡಗಳು ಇಬ್ಬರು ಒಟ್ಟಿಗೆ ಹೋಗುವ ನಿಯಮ, ಬರೆದಿಟ್ಟ ಪಟ್ಟಿ ನೋಡಿಕೊಂಡು ಒಂದೊಂದೇ ಟಿಕ್ ಮಾಡುವ ಪದ್ಧತಿ ಇಟ್ಟುಕೊಳ್ಳುತ್ತವೆ.

ಏನು ಮಾಡುತ್ತಾರೆ?

ಮೊದಲ ಮದ್ದು ಬೆಳಕೇ. ಬ್ರಿಟನ್ನಿನ ಹ್ಯಾಲಿ ನೆಲೆಯಲ್ಲಿ ಸೂರ್ಯ ಮೂರು ತಿಂಗಳಿಗೂ ಜಾಸ್ತಿ ಕಾಣುವುದಿಲ್ಲ. ಅಲ್ಲಿ ಜೋಸೆಫಿನ್ ಅರೆಂಟ್ ಮತ್ತು ಜೊತೆಗಾರರು ಚಳಿಗಾಲದಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ 2,500 ಲಕ್ಸ್ ಬೆಳಕು ಕೊಟ್ಟು ನೋಡಿದರು. ತಡವಾಗಿದ್ದ ಮೆಲಟೋನಿನ್, ಬೇಸಿಗೆಯಲ್ಲಿ ದಿನದ ಯಾವ ಹೊತ್ತಿಗೆ ಏರುತ್ತಿತ್ತೋ ಮತ್ತೆ ಅದೇ ಹೊತ್ತಿಗೆ ಏರತೊಡಗಿತು. ಇದು ಪ್ರಕಟವಾದದ್ದು 1987ರಲ್ಲಿ. ಆಮೇಲೆ ಹ್ಯಾಲಿಯಲ್ಲೂ ಕಾಂಕಾರ್ಡಿಯಾದಲ್ಲೂ ನೀಲಿಯ ಅಂಶ ಹೆಚ್ಚಿರುವ ಬಿಳಿ ದೀಪಗಳನ್ನು ಹಾಕಿ ಪರೀಕ್ಷಿಸಿದರು. ಅದರಿಂದಲೂ ಗಡಿಯಾರ ತಡವಾಗುವುದು ಕಡಿಮೆಯಾಯಿತು. ರಾತ್ರಿಯ ಹೊತ್ತು ಇದನ್ನೇ ತಿರುವಿ ಮಾಡಬೇಕು, ದೀಪ ಮಂದ ಇರಬೇಕು, ಮೊಬೈಲ್ ಪಕ್ಕಕ್ಕಿರಬೇಕು. ಮೆಲಟೋನಿನ್ ಮಾತ್ರೆಯೂ ಇದೆ. ಆದರೆ ಹೊತ್ತು ತಪ್ಪಿ ತೆಗೆದುಕೊಂಡರೆ ಗಡಿಯಾರ ಉಲ್ಟಾ ದಿಕ್ಕಿಗೆ ಸರಿಯುತ್ತದೆ, ಅದನ್ನು ಡಾಕ್ಟರ್‌ಗೆ ಬಿಡುವುದೇ ಸರಿ.

ಎರಡನೆಯದು ವೇಳಾಪಟ್ಟಿ. ಎಲ್ಲರೂ ಒಂದೇ ಹೊತ್ತಿಗೆ ತಿಂಡಿಗೆ ಬರಬೇಕು, ಒಂದೇ ಹೊತ್ತಿಗೆ ಊಟ. ಹೊರಗಿನವರಿಗೆ ಇದು ಅತಿಯಾದ ಶಿಸ್ತು ಅನ್ನಿಸಬಹುದು. ಬೆಳಕಿಲ್ಲದ ಕಡೆ ಊಟದ ಹೊತ್ತು, ವ್ಯಾಯಾಮ, ಜನರ ಮಾತುಕತೆ ಇವೇ ಮೈಗೆ ಹೊತ್ತು ತಿಳಿಸುವ ಉಳಿದ ದಾರಿಗಳು. ಬೆಳಕಿನಷ್ಟು ಶಕ್ತಿ ಅವಕ್ಕಿಲ್ಲ, ಆದರೂ ಕೈಬಿಟ್ಟರೆ ಒಬ್ಬೊಬ್ಬರೂ ತಮ್ಮದೇ ಹೊತ್ತಿಗೆ ಜಾರುತ್ತಾರೆ, ಒಬ್ಬ ಮಲಗಿದಾಗ ಇನ್ನೊಬ್ಬ ಎದ್ದಿರುತ್ತಾನೆ, ತಂಡವೇ ಒಡೆದಂತಾಗುತ್ತದೆ. ಈ ಲೆಕ್ಕದಲ್ಲಿ ನೆಲೆಯ ಅಡುಗೆಯವರ ಕೆಲಸ ಡಾಕ್ಟರ್ ಕೆಲಸಕ್ಕಿಂತ ಕಡಿಮೆಯದಲ್ಲ. ಜೂನ್ 21ರ ಸುಮಾರಿಗೆ ಎಲ್ಲ ದೇಶಗಳ ನೆಲೆಗಳಲ್ಲೂ ನಡುಚಳಿಗಾಲದ ಹಬ್ಬ ಮಾಡುತ್ತಾರೆ, ಒಬ್ಬರಿಗೊಬ್ಬರು ಶುಭಾಶಯ ಕಳಿಸುತ್ತಾರೆ.

ನಮ್ಮ ನೈಟ್ ಶಿಫ್ಟ್‌ಗೂ ಇದಕ್ಕೂ ಏನು ಸಂಬಂಧ?

ಹ್ಯಾಲಿಯಲ್ಲಿ ರಾತ್ರಿ ಕಾವಲಿಗೆ ಸರದಿ ಇತ್ತು, ಒಬ್ಬೊಬ್ಬರು ಒಂದೊಂದು ವಾರ. ಅಲ್ಲಿ ಕಾವಲಿನವರ ಮೆಲಟೋನಿನ್ ವಾರದೊಳಗೇ ರಾತ್ರಿ ಕೆಲಸಕ್ಕೆ ಹೊಂದಿಕೊಂಡುಬಿಡುತ್ತಿತ್ತು. ಚಳಿಗಾಲದಲ್ಲಿ ಮತ್ತೆ ಹಗಲಿನ ಹೊತ್ತಿಗೆ ಮರಳುವುದೇ ಕಷ್ಟ, ಬೇಸಿಗೆಗಿಂತ ಬಹಳ ತಡವಾಗುತ್ತಿತ್ತು.

ನಮ್ಮಲ್ಲಿ ಆಗುವುದು ಬೇರೆ. ಆಸ್ಪತ್ರೆಯ ನರ್ಸ್, ಮಂಡಕ್ಕಿ ಭಟ್ಟಿಯಲ್ಲಿ ರಾತ್ರಿ ದುಡಿಯುವವರು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಓಡಿಸುವವರು, ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ಪಂಪ್‌ಸೆಟ್ ಹತ್ತಿರ ಹೋಗುವ ರೈತರು, ಇವರ ಗಡಿಯಾರ ಎಷ್ಟು ವರ್ಷವಾದರೂ ಪೂರ್ತಿ ಹೊಂದಿಕೊಳ್ಳುವುದು ಅಪರೂಪ. ಮನೆಗೆ ಮರಳುವಾಗ ಮುಖಕ್ಕೆ ಬೀಳುವ ಬಿಸಿಲು ಗಡಿಯಾರವನ್ನು ಮತ್ತೆ ಹಗಲಿನ ಕಡೆಗೇ ಎಳೆಯುತ್ತದೆ. ಹಾಗಾಗಿ ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ಮೈ ಬಿಸಿ ಅತಿ ಕಡಿಮೆ ಇರುತ್ತದೆ, ಎಚ್ಚರವೂ ಅತಿ ಕಡಿಮೆ. ಸತತ 17 ಗಂಟೆ ಎದ್ದಿರುವವರ ಕೈ ಮತ್ತು ಮನಸ್ಸು ಒಂದಷ್ಟು ಕುಡಿದವರಷ್ಟೇ ನಿಧಾನ ಅಂತ 1997ರಿಂದ ಪ್ರಯೋಗಗಳು ತೋರಿಸಿವೆ. ಜೊಂಪು ಬರುವಾಗ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಉಪಯೋಗಕ್ಕೆ ಬರುವುದಿಲ್ಲ. ಲಾರಿ ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ಮಲಗಿದರೆ ಉಪಯೋಗ ಇದೆ. ರಾತ್ರಿ ದುಡಿದು ಹಗಲು ಮಲಗುವವರ ಕೋಣೆಗೆ ಕತ್ತಲೆ ಬೇಕು, ಮನೆಯವರು ಅವರನ್ನು ಎಬ್ಬಿಸಬಾರದು. ಇದು ಸೋಮಾರಿತನ ಅಲ್ಲ.

ಸೂರ್ಯ ಮರಳಿದ ಮೇಲೆ

ಮನೆಯವರ ಇನ್ನೊಂದು ಚಿಂತೆ, ಹೀಗೆ ಕೆಟ್ಟ ನಿದ್ದೆ ಹಾಗೇ ಉಳಿದುಬಿಡುತ್ತಾ ಅಂತ. ಹೆಚ್ಚಿನವರಲ್ಲಿ ಉಳಿಯುವುದಿಲ್ಲ. ಬೆಳಕು ಮರಳಿದಾಗ ಗಡಿಯಾರವೂ ಮರಳುತ್ತದೆ. ಅಲ್ಲಿಯವರೆಗೆ ಫೋನ್ ಮಾಡುವಾಗ ಅವನ ಮಲಗುವ ಹೊತ್ತು ಯಾವುದು ಅಂತ ಮೊದಲೇ ಕೇಳಿಟ್ಟುಕೊಂಡು ಅದನ್ನು ತಪ್ಪಿಸಿ. ಮಾತು ತುಂಡುತುಂಡಾಗಿದೆ, ಹೇಳಿದ್ದನ್ನೇ ಮರೆಯುತ್ತಾನೆ ಅನ್ನಿಸಿದರೆ ಜಗಳ ಬೇಡ, ನಿದ್ದೆ ಹೇಗಿದೆ ಅಂತ ಕೇಳಿ, ಅಲ್ಲಿನ ಡಾಕ್ಟರ್ ಹತ್ತಿರ ಹೇಳಲು ಹೇಳಿ.

ಜುಲೈ ಮಧ್ಯದಲ್ಲಿ ಭಾರತಿಯಲ್ಲಿ ಮೊದಲು ಸ್ವಲ್ಪ ಹೊತ್ತು ಮಾತ್ರ ಸೂರ್ಯ ಉತ್ತರದ ದಿಗಂತದಲ್ಲಿ ಕಾಣುತ್ತಾನೆ. ಆಮೇಲೆ ಹಗಲು ಬಹಳ ಬೇಗ ಬೆಳೆಯುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ ಮುಳುಗುವುದೇ ನಿಂತುಹೋಗುತ್ತದೆ, ನಡುರಾತ್ರಿಯೂ ಬಿಸಿಲು. ಆಗ ನಿದ್ದೆಗೆ ಉಲ್ಟಾ ತೊಂದರೆ ಶುರುವಾಗುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ, ಸಂಜೆಯಿಂದಲೇ ಕಪ್ಪು ಕನ್ನಡಕ ಹಾಕಿಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಬೇಕಾಗುತ್ತದೆ. ಅಮ್ಮ ಅವನ ಬ್ಯಾಗಿಗೆ ಏನಾದರೂ ಹಾಕಿ ಕಳಿಸಬೇಕು ಅಂದುಕೊಂಡಿದ್ದರೆ, ಚಟ್ನಿಪುಡಿಯ ಜೊತೆ ಕಪ್ಪು ಬಟ್ಟೆಯ ಒಂದು ಕಣ್ಣುಪಟ್ಟಿಯನ್ನೂ ಹೊಲಿದು ಹಾಕಲಿ.